ಸಿಗಡಿಗೆ ದೇವರಿಲ್ಲ

ಮೊದಲೇ ಹೇಳಿಬಿಡುತ್ತೇನೆ, ಇದು ಮೀನು ತಿನ್ನುವವನ ಬರಹ. ಸಸ್ಯಾಹಾರಿ ಮಿತ್ರರು ಅಡುಗೆಯ ಭಾಗ ಬಂದಾಗ ಕಣ್ಣು ಮುಚ್ಚಿ ಮುಂದಕ್ಕೆ ಹೋಗಬಹುದು :-) ಆದರೆ ಪೂರ್ತಿ ಬಿಟ್ಟು ಹೋಗಬೇಡಿ. ವಿಷಯ ಊಟದ್ದಲ್ಲ, ನೀರಿನದ್ದು. ನೀರು ಎಲ್ಲರೂ ಕುಡಿಯುತ್ತೇವಲ್ಲ.

ನವರಾತ್ರಿಯ ಒಂಬತ್ತು ದಿನ ಮೀನು ಬಿಟ್ಟವರ ನಾಲಗೆ ಹತ್ತನೇ ದಿನದಿಂದ ಹೇಳಿದ ಮಾತು ಕೇಳುವುದಿಲ್ಲ. ಹಾಗಾಗಿ ಈ ಸಲ ಹಬ್ಬ ಮುಗಿದ ಮೊದಲ ಭಾನುವಾರವೇ ನಾವು ನಾಲ್ವರು ಹಳೇ ಗೆಳೆಯರು ಹೊಳೆಗೆ ಸಿಗಡಿ ಹಿಡಿಯಲು ಹೊರಟೆವು. ಒಬ್ಬ ಬ್ಯಾಂಕಿನವ. ಒಬ್ಬರು ಹೈಸ್ಕೂಲಿನಲ್ಲಿ ವಿಜ್ಞಾನ ಹೇಳಿಕೊಡುವ ಮೇಷ್ಟ್ರು (ನಮ್ಮ ಬೆಂಚಿನಲ್ಲೇ ಕೂತು ಓದಿದವನು, ಆದರೆ ಮೇಷ್ಟ್ರಾದ ಮೇಲೆ ಬಹುವಚನ ತಾನಾಗಿಯೇ ಬಂದುಬಿಟ್ಟಿದೆ). ಒಬ್ಬ ಪಕ್ಕಾ ಪುಳಿಚಾರು. ಮತ್ತೆ ನಾನು. ಪುಳಿಚಾರು ಯಾಕೆ ಬಂದ ಅಂತ ಕೇಳಬೇಡಿ. ಶಾಲೆಗೆ ಹೋಗುವ ಕಾಲದಿಂದಲೂ ಬರುತ್ತಿದ್ದಾನೆ. ಅವನ ಬುತ್ತಿ ಅವನದ್ದು, ನಮ್ಮ ಬಕೆಟ್ ನಮ್ಮದು. ಗಾಳಕ್ಕೆ ಎರೆಹುಳ ಸಿಕ್ಕಿಸುವಾಗ ಮಾತ್ರ ಮುಖ ಆಚೆ ತಿರುಗಿಸುತ್ತಾನೆ.

ಹೊಳೆ ಯಾವುದು? ನೇತ್ರಾವತಿಗೆ ಸೇರುವ ಒಂದು ಸಣ್ಣ ಹೊಳೆ ಅಂತ ಮಾತ್ರ ಹೇಳುತ್ತೇನೆ. ಹೆಸರು ಹೇಳಿದರೆ ಮುಂದಿನ ಭಾನುವಾರ ನೀವೆಲ್ಲ ಗಾಳ ಹಿಡಿದುಕೊಂಡು ಬಂದುಬಿಟ್ಟರೆ!

ಅಲ್ಲಿ ನಮಗೆ ಒಬ್ಬ ಅಜ್ಜ ಇದ್ದಾರೆ. ಹಿಂದೆ ಅಲ್ಲಿಯ ಕಡವಿನಲ್ಲಿ ದೋಣಿ ನಡೆಸುತ್ತಿದ್ದವರು. ಈಗ ಸ್ವಲ್ಪ ಕೆಳಗೆ ಕಿಂಡಿ ಅಣೆಕಟ್ಟು ಆಗಿದೆ, ಅದರ ಮೇಲೆಯೇ ರಸ್ತೆಯೂ ಆಗಿದೆ. ದೋಣಿಗೆ ಕೆಲಸ ಇಲ್ಲ. ಆದರೂ ಅಜ್ಜ ಬೆಳಗ್ಗೆ ಎದ್ದು ಹೊಳೆಬದಿಗೆ ಬಂದು ಕೂರುತ್ತಾರೆ. ಬೀಡಿ, ಬಿದಿರಿನ ತುಂಡಿಗೆ ಸುತ್ತಿದ ನೈಲಾನ್ ದಾರ, ಒಂದು ಡಬ್ಬಿ ಎರೆಹುಳ, ಇಷ್ಟೇ ಅವರ ಸಾಮಾನು. ಅವರೊಟ್ಟಿಗೆ ನಮ್ಮ ಮಾತೆಲ್ಲ ತುಳುವಿನಲ್ಲಿ. ನಿಮಗಾಗಿ ಇಲ್ಲಿ ಕನ್ನಡಕ್ಕೆ ತಂದಿದ್ದೇನೆ.

ಸಿಗಡಿಗೆ ಗಾಳ ಹಾಕುವುದು ಮೀನಿಗೆ ಹಾಕಿದ ಹಾಗಲ್ಲ. ಮೀನು ಬಾಯಿ ಹಾಕಿದರೆ ದಾರ ಸರ್ರನೆ ಎಳೆಯುತ್ತದೆ, ನೀವು ಎತ್ತುತ್ತೀರಿ, ಮುಗಿಯಿತು. ಸಿಗಡಿ ಹಾಗೆ ಮಾಡುವುದಿಲ್ಲ. ಮೊದಲು ತನ್ನ ಉದ್ದ ಕೈಯಿಂದ ಹುಳವನ್ನು ಮುಟ್ಟಿ ನೋಡುತ್ತದೆ. ಆಮೇಲೆ ಹಿಡಿದುಕೊಂಡು ಮೆಲ್ಲಗೆ ತನ್ನ ಕಲ್ಲಿನ ಸಂದಿಗೆ ಎಳೆದುಕೊಂಡು ಹೋಗುತ್ತದೆ. ಅಲ್ಲಿ ಕೂತು ಸಾವಕಾಶವಾಗಿ ತಿನ್ನಲು ಶುರುಮಾಡುತ್ತದೆ. ದಾರ ಅಲುಗಿದ ಕೂಡಲೇ ಎಳೆದಿರೋ, ಹುಳ ಬಿಟ್ಟುಬಿಡುತ್ತದೆ, ಕೈಗೆ ಬರಿ ಕೊಕ್ಕೆ. ಹಾಗಾಗಿ ಕಾಯಬೇಕು. ನಮ್ಮ ಬ್ಯಾಂಕಿನವನಿಗೆ ಈ ಕಾಯುವುದು ಒಂದೇ ಆಗದ ಕೆಲಸ. ಕೌಂಟರಿನಲ್ಲಿ ಜನರನ್ನು ಇಡೀ ದಿನ ಕಾಯಿಸುವವನಿಗೆ ಒಂದು ಸಿಗಡಿಗೆ ಎರಡು ನಿಮಿಷ ಕಾಯಲು ಆಗುವುದಿಲ್ಲ ಅಂತ ಮೇಷ್ಟ್ರು ತಮಾಷೆ ಮಾಡಿದರು.

ಮಧ್ಯಾಹ್ನದ ಹೊತ್ತಿಗೆ ನಮ್ಮ ಬಕೆಟಿನಲ್ಲಿ ಹನ್ನೊಂದು ಸಿಗಡಿ. ಎರಡು ದೊಡ್ಡ ಗಂಡು. ಮೈಗಿಂತ ಉದ್ದದ ಕಡುನೀಲಿ ಕೈಗಳು, ಬಕೆಟಿನಲ್ಲೂ ಒಂದರ ಮೇಲೊಂದು ಜಗಳ. ಉಳಿದವು ಸಣ್ಣವು. ಅದರಲ್ಲಿ ನಾಲ್ಕು ಹೆಣ್ಣಿನ ಹೊಟ್ಟೆಯಡಿ ಮೊಟ್ಟೆಯ ಗೊಂಚಲು, ಕಿತ್ತಳೆ ಬಣ್ಣದ್ದು.

ಜಗಳ ಶುರುವಾದದ್ದು ಇಲ್ಲಿಂದ.

"ಮೊಟ್ಟೆ ಇರುವುದನ್ನು ಬಿಟ್ಟುಬಿಡುವ," ಅಂದರು ಮೇಷ್ಟ್ರು.

"ಎಂತ ಮಾರಾಯ ನೀನು! ರುಚಿ ಇರುವುದೇ ಅದರಲ್ಲಿ. ಮಾರ್ಕೆಟಿನಲ್ಲಿ ಮೊಟ್ಟೆ ಉಂಟು ಅಂತ ಯಾರಾದರೂ ಬಿಡ್ತಾರಾ? ನಾವು ನಾಲ್ಕು ಬಿಟ್ಟರೆ ಹೊಳೆ ತುಂಬಿ ಹೋಗುತ್ತದಾ?" ಅಂದ ಬ್ಯಾಂಕಿನವ.

ನಾನು? ನಾನು ಎರಡೂ ಕಡೆ ತಲೆ ಅಲ್ಲಾಡಿಸಿದೆ. ಹಸಿವಾಗಿತ್ತು ಕೂಡ.

ಮೇಷ್ಟ್ರು ಪಾಠ ಶುರುಮಾಡಿದರು. ಆ ಪಾಠ ನನಗೆ ಗೊತ್ತಿರಲಿಲ್ಲ. ಮನೆಗೆ ಬಂದು ಓದಿ ನೋಡಿದೆ, ಅವರು ಹೇಳಿದ್ದು ಸರಿಯೇ. ನಮ್ಮ ಈ ದೊಡ್ಡ ಹೊಳೆಸಿಗಡಿ ಪೂರ್ತಿ ಹೊಳೆಯದ್ದಲ್ಲ. ಬೆಳೆಯುವುದು ಸಿಹಿನೀರಿನಲ್ಲಿ, ಆದರೆ ಹುಟ್ಟಿ ಬದುಕಬೇಕಾದರೆ ಉಪ್ಪು ಬೇಕು. ಹೆಣ್ಣು ಮೊಟ್ಟೆಯನ್ನು ಹೊಟ್ಟೆಯಡಿ ಕಟ್ಟಿಕೊಂಡು ಮಳೆಗಾಲದ ನೀರಿನೊಂದಿಗೆ ಕೆಳಕ್ಕೆ, ಅಳಿವೆಯ ಕಡೆಗೆ ಹೋಗುತ್ತದೆ. ಚೆನ್ನಾಗಿ ಬೆಳೆದ ಒಂದು ಹೆಣ್ಣಿನಲ್ಲಿ 80,000ದಿಂದ 1 ಲಕ್ಷದವರೆಗೂ ಮೊಟ್ಟೆ ಇರುತ್ತವಂತೆ. ಸುಮಾರು ಮೂರು ವಾರಕ್ಕೆ ಒಡೆಯುತ್ತವೆ. ಕಿತ್ತಳೆ ಬಣ್ಣ ಹೋಗಿ ಬೂದಿ ಬಣ್ಣಕ್ಕೆ ಬಂದರೆ ದಿನ ಹತ್ತಿರ ಬಂತು ಅಂತ ಅರ್ಥ. ಹೊರಬಂದ ಮರಿಗಳು ತಲೆಕೆಳಗಾಗಿ ತೇಲುತ್ತಾ ಈಜುತ್ತವೆ. ಕೆಲವೇ ದಿನದಲ್ಲಿ ಉಪ್ಪು ಬೆರೆತ ನೀರು ಸಿಗದಿದ್ದರೆ ಅಷ್ಟೂ ಸಾಯುತ್ತವೆ.

ಇದನ್ನು ಮನುಷ್ಯ ಕಂಡುಕೊಂಡದ್ದು ತೀರಾ ಇತ್ತೀಚೆಗೆ, 1961ರಲ್ಲಿ. ಮಲೇಷ್ಯಾದಲ್ಲಿ ಕೆಲಸ ಮಾಡುತ್ತಿದ್ದ ಶಾವೊ ವೆನ್ ಲಿಂಗ್ ಎಂಬ ವಿಜ್ಞಾನಿ ಈ ಸಿಗಡಿಯ ಮರಿಗಳು ಬದುಕಲು ನೀರಿಗೆ ಸ್ವಲ್ಪ ಉಪ್ಪು ಬೇಕೇ ಬೇಕು ಅಂತ ತೋರಿಸಿಕೊಟ್ಟ. ಸಮುದ್ರದ ನೀರಿನ ಉಪ್ಪಿನ ಮೂರನೇ ಒಂದು ಪಾಲು ಇದ್ದರೆ ಸಾಕು. ಇವತ್ತು ಜಗತ್ತಿನಲ್ಲಿ ಎಲ್ಲೆಲ್ಲಿ ಕೊಳ ಕಟ್ಟಿ ಈ ಸಿಗಡಿ ಸಾಕುತ್ತಾರೋ ಅದೆಲ್ಲ ನಿಂತಿರುವುದು ಇದೊಂದು ತಿಳಿವಳಿಕೆಯ ಮೇಲೆ.

ಮರಿಗಳು ಹತ್ತು ಹನ್ನೊಂದು ಸಲ ರೂಪ ಬದಲಿಸಿ, ಮೂರರಿಂದ ಐದು ವಾರದಲ್ಲಿ ಪುಟಾಣಿ ಸಿಗಡಿಗಳಾಗುತ್ತವೆ. ಆಮೇಲೆ ತಾಯಿ ಬಂದ ದಾರಿಯಲ್ಲಿ ವಾಪಸು ಹೊರಡುತ್ತವೆ. ನಮ್ಮ ಉಗುರಿಗಿಂತ ದೊಡ್ಡದೇನಲ್ಲ. ನೀರಿನ ಅಂಚು ಹಿಡಿದು, ಕಲ್ಲಿನ ಮೇಲೆ ತೆವಳಿ, ಒದ್ದೆ ಇದ್ದರೆ ನೀರು ಬಿಟ್ಟು ಹೊರಗೂ ಹತ್ತಿ, ಸಮುದ್ರದ ಬಾಗಿಲಿಂದ ಘಟ್ಟದ ಬುಡದ ಕಡೆಗೆ. ಮಲೆನಾಡಿನವರು ಮೊದಲ ಮಳೆಗೆ ಹಳ್ಳಕ್ಕೆ ಏರಿಬರುವ ಮೀನಿಗೆ ಹತ್ತುಮೀನು ಅನ್ನುತ್ತಾರಲ್ಲ, ಇದನ್ನು ಹತ್ತುಸಿಗಡಿ ಅನ್ನಬಹುದು.

ಮೇಷ್ಟ್ರ ಪಾಠ ಮುಗಿಯಿತು. ಬ್ಯಾಂಕಿನವ, "ಹಾಗಾದರೆ 1 ಲಕ್ಷದಲ್ಲಿ ಬದುಕುವುದು ಎಷ್ಟು? ಎರಡೋ ಮೂರೋ. ಅದಕ್ಕೆ ಇಷ್ಟು ಭಾಷಣವಾ?" ಅಂತ ಪಟ್ಟು ಬಿಡಲಿಲ್ಲ.

ಅಷ್ಟರಲ್ಲಿ ಅಜ್ಜನ ಗಾಳಕ್ಕೆ ಒಂದು ಬಂತು. ಅದೂ ಮೊಟ್ಟೆ ಇದ್ದದ್ದೇ. ಅಜ್ಜ ಬೀಡಿ ಬಾಯಲ್ಲೇ ಇಟ್ಟುಕೊಂಡು, ಕೊಕ್ಕೆ ಬಿಡಿಸಿ, ಕೈಯನ್ನು ನೀರಿನೊಳಗೆ ಇಳಿಸಿ ಬಿಟ್ಟುಬಿಟ್ಟರು. ನಮ್ಮ ಜಗಳ ಕೇಳಿಸಿಕೊಂಡ ಹಾಗೆಯೂ ಕಾಣಲಿಲ್ಲ.

ನಾನು ಕೇಳಿದೆ, "ಅಜ್ಜ, ನೀವೂ ಬಿಡ್ತೀರಾ?"

"ಕಡವಿನಲ್ಲಿ ಬಸುರಿ ಹೆಂಗಸಿನ ಹತ್ತಿರ ಹಣ ತೆಗೆದುಕೊಳ್ಳುವ ಕ್ರಮ ಇರಲಿಲ್ಲ ಮಗಾ," ಅಂದರು. ಅಷ್ಟೇ.

ಬ್ಯಾಂಕಿನವ ಎದ್ದು ಬಕೆಟ್ ಹತ್ತಿರ ಹೋದ. ಮೂರನ್ನು ಬಿಟ್ಟ. ನಾಲ್ಕನೆಯದು ನಮ್ಮ ಜಗಳದ ಹೊತ್ತಿಗೆ ಸತ್ತುಹೋಗಿತ್ತು.

ಇಲ್ಲಿಗೆ ಬರಹ ನಿಲ್ಲಿಸಿದ್ದರೆ ಚೆನ್ನಾಗಿತ್ತು. ನೀವೂ ಒಳ್ಳೆಯ ಕತೆ ಅನ್ನುತ್ತಿದ್ದಿರಿ, ನಾನೂ ಏನೋ ಪುಣ್ಯ ಮಾಡಿದ ಹಾಗೆ ಮನೆಗೆ ಬಂದು ಮಲಗುತ್ತಿದ್ದೆ. ಆದರೆ ಅಜ್ಜ ಆಮೇಲೆ ಇನ್ನೊಂದು ಮಾತು ಹೇಳಿದರು. ನಾನು ಇದನ್ನೆಲ್ಲ ಬರೆಯುತ್ತಿರುವುದು ಆ ಮಾತಿಗಾಗಿ.

"ನೀವು ಬಿಟ್ಟದ್ದು ಕೆಳಗೆ ಹೋಗುತ್ತದೆ. ಈಗ ಕಿಂಡಿ ತೆರೆದಿದೆ. ಅದರ ಮಕ್ಕಳು ಮೇಲೆ ಬರುವಾಗ ಹಲಗೆ ಹಾಕಿರುತ್ತಾರೆ."

ಕಿಂಡಿ ಅಣೆಕಟ್ಟು ನೋಡದವರಿಗೆ ಎರಡು ಮಾತು. ಹೊಳೆಗೆ ಅಡ್ಡವಾಗಿ ಕಾಂಕ್ರೀಟಿನ ಕಂಬಗಳು, ನಡುವೆ ಕಿಂಡಿಗಳು. ಮಳೆಗಾಲದಲ್ಲಿ ಕಿಂಡಿಗಳು ಖಾಲಿ, ನೀರು ಸಲೀಸಾಗಿ ಹರಿದುಹೋಗುತ್ತದೆ. ಮಳೆ ನಿಂತು ಹರಿವು ಕಡಿಮೆಯಾದ ಮೇಲೆ, ಹೆಚ್ಚುಕಮ್ಮಿ ಡಿಸೆಂಬರಿನಲ್ಲಿ, ಹಲಗೆ ಜೋಡಿಸಿ ನೀರು ನಿಲ್ಲಿಸುತ್ತಾರೆ. ಮತ್ತೆ ಮಳೆಗಾಲಕ್ಕೆ ಮುಂಚೆ ತೆಗೆಯುತ್ತಾರೆ.

ಈಗ ಲೆಕ್ಕ ಹಾಕಿ. ನಾವು ಬಿಟ್ಟದ್ದು ಅಕ್ಟೋಬರಿನಲ್ಲಿ. ಮೊಟ್ಟೆ ಒಡೆಯಲು ಮೂರು ವಾರ ಅಂದರೆ ನವೆಂಬರ್. ಮರಿ ಸಿಗಡಿಯಾಗಲು ಮೂರರಿಂದ ಐದು ವಾರ ಅಂದರೆ ಡಿಸೆಂಬರ್. ಆಮೇಲೆ ಹತ್ತಲು ಹೊರಡಬೇಕು. ಸರಿಯಾಗಿ ಅದೇ ಹೊತ್ತಿಗೆ ಹಲಗೆ ಬಿದ್ದಿರುತ್ತದೆ. ನಮ್ಮ ಹೊಳೆಯ ಸಿಗಡಿಗೆ ಒಂದಲ್ಲ, ಎರಡು ಕಟ್ಟ. ಊರಿನದ್ದು ಒಂದು, ಅದಕ್ಕೂ ಕೆಳಗೆ ನೇತ್ರಾವತಿಗೆ ತುಂಬೆಯಲ್ಲಿ ಕಟ್ಟಿದ್ದು ಇನ್ನೊಂದು.

ಹಾಗಾದರೆ ಅಣೆಕಟ್ಟು ಬೇಡ ಅನ್ನಬೇಕಾ? ಹಾಗೆ ಬರೆಯುವುದು ಸುಲಭ. ಆದರೆ ತುಂಬೆಯ ನೀರೇ ಮಂಗಳೂರಿನಲ್ಲಿ ನನ್ನ ಮನೆಯ ನಳ್ಳಿಯಲ್ಲಿ ಬರುವುದು. 2019ರ ಬೇಸಿಗೆಯಲ್ಲಿ ಮಂಗಳೂರಿಗೆ ನೀರನ್ನು ರೇಷನ್ ಮಾಡಿ ಬಿಟ್ಟಾಗ ಬೆಳಗಿನ ಜಾವ ಎದ್ದು ಬಕೆಟ್ ಸಾಲಾಗಿ ಇಟ್ಟವರಲ್ಲಿ ನಾನೂ ಒಬ್ಬ. ಆಗ ನನಗೆ ಯಾವ ಸಿಗಡಿಯ ನೆನಪೂ ಆಗಿರಲಿಲ್ಲ. ಊರಿನ ಕಿಂಡಿ ಅಣೆಕಟ್ಟಿನಿಂದ ಅಕ್ಕಪಕ್ಕದ ಬಾವಿಗಳಲ್ಲಿ ಮೇ ತಿಂಗಳಲ್ಲೂ ನೀರು ನಿಲ್ಲುತ್ತದೆ, ಅಡಿಕೆ ತೋಟ ಉಳಿಯುತ್ತದೆ. ಸಮುದ್ರಕ್ಕೆ ಹತ್ತಿರದ ಕಡೆ ಉಪ್ಪುನೀರು ಮೇಲೇರಿ ಗದ್ದೆ, ಬಾವಿ ಕೆಡುವುದು ತಪ್ಪುತ್ತದೆ. ಇದೆಲ್ಲ ಸುಳ್ಳಲ್ಲ.

ಅಜ್ಜನನ್ನೇ ಕೇಳಿದೆ, ನಿಮ್ಮ ದೋಣಿ ಹೋಯಿತಲ್ಲ, ಬೇಸರ ಇಲ್ಲವಾ ಅಂತ. "ಎಂತ ಬೇಸರ? ಮಳೆಗಾಲದ ರಾತ್ರಿ ನೋವು ಬಂದವರನ್ನು ಕೆಂಪು ನೀರಿನಲ್ಲಿ ದಾಟಿಸಿದ್ದೇನೆ. ದೇವರನ್ನು ನೆನೆಸಿಕೊಂಡೇ ಹುಟ್ಟು ಹಾಕುವುದು. ಈಗ ಆಟೋ ಬಾಗಿಲಿಗೆ ಬರುತ್ತದೆ. ಒಳ್ಳೆಯದೇ ಆಯಿತು," ಅಂದರು. ಸ್ವಲ್ಪ ಹೊತ್ತು ಬಿಟ್ಟು, "ಹಿಂದೆ ಊರವರೇ ಸೇರಿ ಮಣ್ಣು, ಕಲ್ಲು ಹಾಕಿ ಕಟ್ಟ ಕಟ್ಟುತ್ತಿದ್ದರು. ಅದು ಎಲ್ಲಾದರೂ ಒಂದು ಕಡೆ ಸೋರುತ್ತಿತ್ತು. ಸೋರುವ ಜಾಗದಲ್ಲಿ ಇವು ಹತ್ತುತ್ತಿದ್ದವು. ಈಗಿನದ್ದು ಸೋರುವುದಿಲ್ಲ. ಸೋರದ ಹಾಗೆ ಕಟ್ಟಿದ್ದಾರೆ, ಒಳ್ಳೆಯ ಕೆಲಸ," ಅಂದರು. ಅದರಲ್ಲಿ ಹೊಗಳಿಕೆ ಎಷ್ಟು, ಉಳಿದದ್ದು ಎಷ್ಟು ಅಂತ ನನಗೆ ಇನ್ನೂ ಗೊತ್ತಾಗಿಲ್ಲ.

ನಮ್ಮ ಕಡೆಯ ಈ ಸಾಂಪ್ರದಾಯಿಕ ಕಟ್ಟಗಳ ಬಗ್ಗೆ ಶ್ರೀಪಡ್ರೆಯವರು ಎಷ್ಟೋ ವರ್ಷ ಬರೆದಿದ್ದಾರೆ. ಓದುವಾಗೆಲ್ಲ ನೀರು ಇಂಗುವುದರ ಬಗ್ಗೆಯೇ ಯೋಚಿಸಿದ್ದೆ. ಸೋರುವುದೂ ಒಂದು ಕೆಲಸ ಮಾಡುತ್ತಿತ್ತು ಅಂತ ಹೊಳೆದಿರಲಿಲ್ಲ.

ಕಟ್ಟಿದ ಮೇಲೆ ಏನಾಗುತ್ತದೆ ಅಂತ ನೋಡಲು ದೂರ ಹೋಗಬೇಕಾಗಿಲ್ಲ. ಕೇರಳದ ವೇಂಬನಾಡ್ ಹಿನ್ನೀರಿಗೆ ತಣ್ಣೀರ್‌ಮುಕ್ಕಂ ಎಂಬಲ್ಲಿ ಒಂದು ಉದ್ದದ ತಡೆ ಕಟ್ಟಿ 1976ರಲ್ಲಿ ಬಳಕೆಗೆ ತಂದರು. ಕುಟ್ಟನಾಡಿನ ಗದ್ದೆಗೆ ಉಪ್ಪುನೀರು ನುಗ್ಗಬಾರದು ಅಂತ. ಉದ್ದೇಶ ಒಳ್ಳೆಯದೇ. ಆದರೆ ಅವರ ಹೆಸರಾಂತ ಆಟ್ರುಕೊಂಜು, ಅಂದರೆ ಇದೇ ನಮ್ಮ ಹೊಳೆಸಿಗಡಿ, ಸಮುದ್ರದ ಕಡೆಗೂ ಹೊಳೆಯ ಕಡೆಗೂ ಹೋಗಿಬರುವ ದಾರಿ ಕಟ್ಟಿಹೋಗಿ ತೀರಾ ಕಡಿಮೆಯಾಯಿತು. ಬಂಗಾಳದಲ್ಲಿ 1975ರಲ್ಲಿ ಫರಕ್ಕಾ ಬ್ಯಾರೇಜು ಶುರುವಾದ ಮೇಲೆ ಗಂಗೆಯಲ್ಲಿ ಬಹಳ ಮೇಲಿನವರೆಗೆ ಹೋಗುತ್ತಿದ್ದ ಹಿಲ್ಸಾ ಮೀನಿಗೂ ಇದೇ ಗತಿ. ಎರಡೂ ಕಡೆ ಆಮೇಲೆ ಮರಿ ತಂದು ಹೊಳೆಗೆ ಬಿಡುವ ಕೆಲಸ ಶುರುವಾಯಿತು. ಬಾಗಿಲು ಹಾಕಿ, ಕಿಟಕಿಯಲ್ಲಿ ಮಕ್ಕಳನ್ನು ಒಳಗೆ ಎತ್ತಿ ಹಾಕಿದ ಹಾಗೆ.

ಇನ್ನೊಂದು ಉದಾಹರಣೆ ಆಸೆ ಹುಟ್ಟಿಸುವಂಥದ್ದು. ಪೋರ್ಟೋರಿಕೊ ಎಂಬ ದ್ವೀಪದ ಹೊಳೆಗಳಲ್ಲೂ ಹೀಗೇ ಸಮುದ್ರಕ್ಕೂ ಹೊಳೆಗೂ ಓಡಾಡುವ ಸಿಗಡಿಗಳಿವೆ, ನಮ್ಮದರ ದಾಯಾದಿಗಳು. ಅಲ್ಲಿ ಅಧ್ಯಯನ ಮಾಡಿದವರು ಕಂಡದ್ದು ಏನೆಂದರೆ, ನೀರು ಮೇಲಿಂದ ಹರಿದು ಗೋಡೆ ಒದ್ದೆಯಾಗಿರುವ ಕಡೆ ಸಿಗಡಿಗಳು ಅಣೆಕಟ್ಟನ್ನೇ ಹತ್ತಿ ದಾಟುತ್ತವೆ. ನೀರು ಹೊರಗೆ ಬಾರದ ದೊಡ್ಡ ಅಣೆಕಟ್ಟಿನ ಮೇಲ್ಭಾಗದಲ್ಲಿ ಅವು ಇಲ್ಲವೇ ಇಲ್ಲ. ಅಂದರೆ ಇವಕ್ಕೆ ಬೇಕಾದದ್ದು ಇಡೀ ಹೊಳೆಯಲ್ಲ, ಒಂದು ಒದ್ದೆ ದಾರಿ.

ನಾನು ಎಂಜಿನಿಯರ್ ಅಲ್ಲ. ಆದರೂ ನನಗೆ ಅನ್ನಿಸುವುದನ್ನು ಹೇಳುತ್ತೇನೆ. ಕರಾವಳಿಯ ಹೊಳೆಗಳಿಗೆ ಪಶ್ಚಿಮ ವಾಹಿನಿ ಅಂತ ಯೋಜನೆ ಮಾಡಿ ಕಿಂಡಿ ಅಣೆಕಟ್ಟುಗಳನ್ನು ಕಟ್ಟುತ್ತಾ ಬಂದಿದ್ದಾರೆ. ಕಟ್ಟಲಿ. ಆದರೆ ಪ್ರತಿಯೊಂದರ ಒಂದು ಬದಿಯಲ್ಲಿ ಒರಟು ಕಲ್ಲಿನ ಒಂದು ಇಳಿಜಾರು ಇರಲಿ. ಡಿಸೆಂಬರಿನಿಂದ ಒಂದೆರಡು ತಿಂಗಳು ಅದರ ಮೇಲೆ ತೆಳ್ಳಗೆ ನೀರು ಹರಿಯುತ್ತಿರಲಿ. ನಮ್ಮೂರಿನ ಅಣೆಕಟ್ಟಿನಲ್ಲಿ ಹುಡುಕಿದೆ, ಅಂಥದ್ದೇನೂ ಇಲ್ಲ. ಕಟ್ಟುವ ಮೊದಲೇ ಯೋಚಿಸಿದರೆ ಇದು ದೊಡ್ಡ ಕೆಲಸವಲ್ಲ. ಸೇತುವೆ ಬೇಕು ಅಂತ ಕೇಳಿ ಅದರ ಮೇಲೆ ರಸ್ತೆ ಮಾಡಿಸಿಕೊಂಡೆವು. ಅಜ್ಜ ದೋಣಿಯಲ್ಲಿ ದಾಟಿಸುತ್ತಿದ್ದವರಿಗೆಲ್ಲ ದಾರಿ ಆಯಿತು. ಅದೇ ಕಟ್ಟಡದಲ್ಲಿ ಅಂಗೈ ಅಗಲದ ದಾರಿಯನ್ನು ಕೇಳುವವರು ಮಾತ್ರ ಯಾರೂ ಇರಲಿಲ್ಲ, ಯಾಕೆಂದರೆ ಸಿಗಡಿ ಗ್ರಾಮಸಭೆಗೆ ಬರುವುದಿಲ್ಲ.

ಇಲ್ಲಿ ನಮ್ಮ ಪುಳಿಚಾರು ಗೆಳೆಯ ಒಂದು ಮಾತು ಹೇಳಿದ. ಇಡೀ ದಿನ ಅವನು ಹೇಳಿದ ಒಂದೇ ಗಂಭೀರ ಮಾತು. "ಶಿಶಿಲದಲ್ಲಿ ಮೀನು ಉಳಿದಿದೆ, ಯಾಕೆ ಗೊತ್ತುಂಟಾ? ಅದಕ್ಕೆ ದೇವರು ಉಂಟು. ಸಿಗಡಿಗೆ ದೇವರಿಲ್ಲ."

ಹೌದಲ್ಲ! ಶಿಶಿಲದ ಶಿಶಿಲೇಶ್ವರ ದೇವಸ್ಥಾನದ ಪಕ್ಕ ಕಪಿಲಾ ಹೊಳೆಯಲ್ಲಿ ಮೀನುಗಳನ್ನು ಯಾರೂ ಮುಟ್ಟುವುದಿಲ್ಲ. ಶೃಂಗೇರಿಯಲ್ಲಿ ತುಂಗೆಯ ಮೀನಿಗೆ ಜನ ಮಂಡಕ್ಕಿ ಹಾಕುತ್ತಾರೆ. ಶಿಶಿಲದಲ್ಲಿ 1996ರಲ್ಲಿ ಯಾರೋ ಹೊಳೆಗೆ ವಿಷ ಹಾಕಿ ಸಾವಿರಾರು ಮೀನು ಸತ್ತಾಗ ಊರು ಅತ್ತಿತು, ಸತ್ತ ಮೀನುಗಳ ನೆನಪಿಗೆ ಸ್ಮಾರಕವನ್ನೂ ಕಟ್ಟಿದರು. ಮೀನಿಗೆ ಸ್ಮಾರಕ ಕಟ್ಟಿದ ಜನ ನಾವು. ಹೊಳೆಗೆ ವಿಷ ಹಾಕುವುದು, ತೋಟೆ ಸಿಡಿಸುವುದು 1897ರ ಮೀನುಗಾರಿಕೆ ಕಾಯ್ದೆಯಿಂದಲೇ ಅಪರಾಧ. ಆದರೆ ಕಾಯ್ದೆ ಮಾಡದ ಕೆಲಸವನ್ನು ದೇವಸ್ಥಾನದ ಮೆಟ್ಟಿಲು ಮಾಡಿತು. ಮೆಟ್ಟಿಲಿನಿಂದ ನಾಲ್ಕು ಫರ್ಲಾಂಗು ಆಚೆಗೆ ಆ ಭಕ್ತಿಯೂ ಇಲ್ಲ, ಕಾಯ್ದೆಯೂ ಇಲ್ಲ.

ಸಿಗಡಿಗೆ ಹೊಸದಾಗಿ ದೇವರನ್ನು ಹುಟ್ಟಿಸಬೇಕು ಅಂತ ನಾನು ಹೇಳುತ್ತಿಲ್ಲ, ಇದ್ದವರಿಗೇ ಕೆಲಸ ಜಾಸ್ತಿ ಆಗಿದೆ. ಆದರೆ ಅಜ್ಜನ ಕ್ರಮ ಉಂಟಲ್ಲ, ಬಸುರಿಗೆ ಕಡವು ಪುಕ್ಕಟೆ ಅನ್ನುವುದು, ಅದಕ್ಕೆ ದೇವರೂ ಬೇಕಾಗಿಲ್ಲ, ಪೊಲೀಸರೂ ಬೇಕಾಗಿಲ್ಲ. ಮೊಟ್ಟೆ ಇದ್ದದ್ದನ್ನು ಬಿಡುವುದು ನಮ್ಮ ಕೈಯಲ್ಲಿ ಇರುವ ಕೆಲಸ. ದಾರಿ ಕೊಡುವುದು ಕಟ್ಟುವವರ ಕೈಯಲ್ಲಿ ಇರುವ ಕೆಲಸ, ಕೇಳುವುದು ಮತ್ತೆ ನಮ್ಮದೇ. ದಾರಿ ಇಲ್ಲದಿದ್ದರೆ ಬಿಟ್ಟು ಏನು ಪ್ರಯೋಜನ ಅಂತ ಬ್ಯಾಂಕಿನವ ವಾಪಸು ಬರುವಾಗ ಕಾರಿನಲ್ಲಿ ಕೇಳಿದ. ನಾನು ಅದಕ್ಕೆ ಕೊಡುವ ಉತ್ತರ ಇದು: ಬಿಡುವವನಿಗೆ ಮಾತ್ರ ದಾರಿ ಕೇಳುವ ಬಾಯಿ ಇರುತ್ತದೆ. ಬಕೆಟಿನಲ್ಲಿ ಮೊಟ್ಟೆಯ ಗೊಂಚಲು ತುಂಬಿಸಿಕೊಂಡು ಹೋಗಿ ಅಣೆಕಟ್ಟಿನವರನ್ನು ಬೈದರೆ ಯಾರು ಕೇಳುತ್ತಾರೆ?

ಊಟ ಏನಾಯಿತು ಅಂತ ಕೇಳುವವರಿಗೆ... ಮೂರು ಕಲ್ಲು ಇಟ್ಟು, ಬ್ಯಾಡಗಿ ಮೆಣಸಿನ ಮಸಾಲೆ ಹಾಕಿ ಸುಕ್ಕ ಮಾಡಿದೆವು. ಕುಚ್ಚಲಕ್ಕಿ ಅನ್ನ ಅಜ್ಜನ ಮನೆಯಿಂದ ಬಂತು. ದೊಡ್ಡ ಗಂಡು ಎರಡರಲ್ಲಿ ಒಂದು ಅಜ್ಜನಿಗೆ. ಆ ಸತ್ತುಹೋದ ನಾಲ್ಕನೆಯದನ್ನೂ ಹಾಕಿದ್ದೆವು, ಬಿಸಾಡಲು ಮನಸ್ಸಾಗಲಿಲ್ಲ. ಬ್ಯಾಂಕಿನವ ಹೇಳಿದ್ದು ನಿಜ, ರುಚಿ ಅದರಲ್ಲೇ ಇತ್ತು. ಆದರೆ ಯಾರೂ ಬಾಯಿಬಿಟ್ಟು ಹೇಳಲಿಲ್ಲ.

ಜನವರಿಯಲ್ಲಿ ಒಂದು ರಾತ್ರಿ ಟಾರ್ಚ್ ಹಿಡಿದು ಅಣೆಕಟ್ಟಿನ ಕೆಳಗೆ ಹೋಗಿ ನೋಡುವುದು ಅಂತ ಮೇಷ್ಟ್ರೂ ನಾನೂ ಮಾತಾಡಿಕೊಂಡಿದ್ದೇವೆ. ಹಲಗೆಯ ಬುಡದಲ್ಲಿ ಮರಿಗಳು ಬಂದು ಕಾಯುತ್ತವಾ ಅಂತ. ಕಂಡರೆ ಫೋಟೋ ತೆಗೆದು ಪಂಚಾಯಿತಿಗೆ ಒಂದು ಅರ್ಜಿ ಕೊಡುವುದು. ಪುಳಿಚಾರೂ ಬರುತ್ತಾನಂತೆ, ಈ ಸಲ ಎರೆಹುಳ ಇಲ್ಲವಲ್ಲ!

ನಿಮ್ಮೂರ ಹೊಳೆಯಲ್ಲೂ ಇದು ಇದೆಯಾ? ನಮ್ಮಲ್ಲಿ ಎಟ್ಟಿ, ಕುಂದಾಪುರದ ಕಡೆಯವರು ಚಟ್ಲಿ ಅನ್ನುತ್ತಾರೆ, ಇನ್ನೂ ಉತ್ತರಕ್ಕೆ ಹೋದರೆ ಶೆಟ್ಲಿ. ನಿಮ್ಮಲ್ಲಿ ಏನಂತಾರೆ? ನೀವು ಚಿಕ್ಕವರಿದ್ದಾಗ ಎಲ್ಲಿಯವರೆಗೆ ಹತ್ತಿ ಬರುತ್ತಿತ್ತು, ಈಗ ಎಲ್ಲಿಗೆ ನಿಂತಿದೆ? ಗೊತ್ತಿದ್ದವರು ತಿಳಿಸಿ. ಮನೆಯಲ್ಲಿ ಅಜ್ಜ ಅಜ್ಜಿ ಇದ್ದರೆ ಅವರನ್ನು ಕೇಳಿ ತಿಳಿಸಿದರೆ ಇನ್ನೂ ಒಳ್ಳೆಯದು.